ಹಲ್ಲಿನ ಡಾಕ್ಟರ್ ಮತ್ತು ಪೇಷಂಟ್ ನಡುವೆ ನಂಬಿಕೆ ಬೆಳೆಯಲು ಕ್ಯಾಮೆರಾ, ಸ್ಕ್ಯಾನರ್, ಮೆಸೇಜು ನಿಜಕ್ಕೂ ನೆರವಾಗುತ್ತವಾ?

ಎರಡುಕುರ್ಚಿ:

ನಾನು ಹಲ್ಲಿನ ಡಾಕ್ಟರ್, ಎರಡು ಕುರ್ಚಿಯ ಸಣ್ಣ ಕ್ಲಿನಿಕ್ ನಡೆಸುತ್ತೇನೆ. ಒಂದು ಪ್ರಶ್ನೆ ಇದೆ. ಡಾಕ್ಟರ್‌ಗಳೂ ಹೇಳಿ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗುವವರೂ ಹೇಳಿ. ಎರಡನೆಯವರ ಮಾತೇ ನನಗೆ ಜಾಸ್ತಿ ಬೇಕಾಗಿರುವುದು.

ಜನ ನೋವು ಬಂದಾಗ ಬರುತ್ತಾರೆ, ನೋವು ಹೋದ ಮೇಲೆ ಈ ಕಡೆ ತಲೆ ಹಾಕುವುದಿಲ್ಲ. ರೂಟ್ ಕೆನಾಲ್‌ನಲ್ಲಿ ಒಳಗಿನ ನರ ತೆಗೆದು, ತಾತ್ಕಾಲಿಕ ಫಿಲ್ಲಿಂಗ್ ಹಾಕಿ ಕಳಿಸಿದರೆ ನೋವು ನಿಂತಿತಲ್ಲ ಅಂತ ಅಲ್ಲಿಗೇ ಬಿಟ್ಟುಬಿಡುತ್ತಾರೆ, ಆಮೇಲೆ ಅದೇ ಹಲ್ಲು ಸೀಳಿಕೊಂಡು ಕೀಳಿಸಲು ಬರುತ್ತಾರೆ. ಉಳಿಸಬಹುದಾಗಿದ್ದ ಹಲ್ಲು ಅದು. ಇನ್ನು ಕೆಲವರು "ಇದು ಬೇಕೇ ಬೇಕಾ ಡಾಕ್ಟ್ರೇ?" ಅಂತ ಕೇಳುತ್ತಾರೆ. ಅವರ ಕಣ್ಣಿನಲ್ಲಿ ಅನುಮಾನ ಇರುತ್ತದೆ. ಅದರಲ್ಲಿ ಅವರದೇನೂ ತಪ್ಪಿಲ್ಲ. ಬಾಯೊಳಗೆ ಏನಾಗಿದೆ ಅಂತ ಅವರಿಗೆ ಕಾಣುವುದೇ ಇಲ್ಲ, ನನ್ನ ಮಾತು ನಂಬುವುದು ಬಿಟ್ಟು ಬೇರೆ ದಾರಿ ಅವರಿಗಿಲ್ಲ.

ಈಗ ಕ್ಲಿನಿಕ್‌ಗೆ ಸ್ವಲ್ಪ ಹೊಸ ಸಲಕರಣೆ ತರಬೇಕು ಅಂತಿದ್ದೇನೆ. ಬಾಯೊಳಗಿನ ಕ್ಯಾಮೆರಾ, ಡಿಜಿಟಲ್ ಎಕ್ಸ್‌ರೇ, ಅಳತೆ ತೆಗೆಯುವ ಸ್ಕ್ಯಾನರ್, ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್, ಎಐ, ವಿಡಿಯೊ ಕರೆ. ಮಾರಲು ಬರುವವರೆಲ್ಲ ತಮ್ಮದೇ ಮೊದಲು ಬೇಕು ಅನ್ನುತ್ತಾರೆ. ನಾನು ಕೇಳುತ್ತಿರುವುದು ಕೆಲಸ ಬೇಗ ಆಗುತ್ತದಾ ಅಂತ ಅಲ್ಲ. ಇದರಲ್ಲಿ ಯಾವುದು ನನ್ನನ್ನೂ ಪೇಷಂಟನ್ನೂ ಹತ್ತಿರ ತರುತ್ತದೆ? ಯಾವುದು ನಮ್ಮ ನಡುವೆ ಇನ್ನೊಂದು ಗೋಡೆ ಕಟ್ಟುತ್ತದೆ?

ಹಳೇಕೈ:

ಒಂದೇ ಒಂದು ಕೊಳ್ಳುವುದಾದರೆ ಬಾಯೊಳಗಿನ ಕ್ಯಾಮೆರಾ ಕೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೊಳ್ಳುವುದು ಸುಲಭ, ಅದನ್ನು ಹೇಗೆ ಹಿಡಿಯುತ್ತೀರಿ ಅನ್ನುವುದರಲ್ಲಿ ಎಲ್ಲ ಇದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಜಾಸ್ತಿ ಜನ ಮಾಡುವುದು ಏನು ಗೊತ್ತಾ? ನೇರವಾಗಿ ಹಾಳಾದ ಹಲ್ಲಿನ ಮೇಲೆ ಕ್ಯಾಮೆರಾ ಇಟ್ಟು, ಸ್ಕ್ರೀನ್ ತುಂಬ ದೊಡ್ಡದು ಮಾಡಿ "ನೋಡಿ, ಎಷ್ಟು ಕಪ್ಪಗಾಗಿದೆ" ಅನ್ನುತ್ತಾರೆ. ಪೇಷಂಟ್ ಹೆದರಿ ಒಪ್ಪುತ್ತಾರೆ. ಹೆದರಿಕೆಯಿಂದ ಒಪ್ಪಿದವರು ಮನೆಗೆ ಹೋದ ಮೇಲೆ ಮನಸ್ಸು ಬದಲಾಯಿಸುತ್ತಾರೆ, ಇನ್ನೊಂದು ಕಡೆ ತೋರಿಸುತ್ತಾರೆ, ಅಲ್ಲಿ ಬೇರೆ ಮಾತು ಬಂದರೆ ನಿಮ್ಮ ಹೆಸರು ಕೆಡುತ್ತದೆ. ಒಂದು ಸೆಂಟಿಮೀಟರ್ ಅಗಲದ ದವಡೆ ಹಲ್ಲನ್ನು ಸ್ಕ್ರೀನ್ ಮೇಲೆ ಅಂಗೈಯಗಲ ಮಾಡಿದರೆ ಎಂಥ ಹಲ್ಲೂ ಭಯಂಕರವಾಗೇ ಕಾಣುತ್ತದೆ. ಮೇಲಿನ ಗೆರೆಗಳಲ್ಲಿ ಕಂದು ಕಲೆ ಸುಮಾರು ಜನರಿಗೆ ಇರುತ್ತದೆ, ಅದೆಲ್ಲ ಹುಳುಕಲ್ಲ. ಇದನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಮೊದಲು ಚೆನ್ನಾಗಿರುವ ಹಲ್ಲು ತೋರಿಸಿ. "ಇದು ಗಟ್ಟಿಮುಟ್ಟಾಗಿದೆ, ಚೆನ್ನಾಗಿ ನೋಡಿಕೊಂಡಿದ್ದೀರಿ" ಅನ್ನಿ. ಆಮೇಲೆ ತೊಂದರೆ ಇರುವ ಹಲ್ಲು ತೋರಿಸಿ, ನಿಮ್ಮ ಮಾತು ತಡೆದುಕೊಂಡು "ನಿಮಗೆ ಏನು ಕಾಣುತ್ತಿದೆ?" ಅಂತ ಕೇಳಿ, ಕಾಯಿರಿ. ಅವರೇ "ಇಲ್ಲಿ ಒಂದು ಬಿರುಕು ಇದೆಯಲ್ಲ" ಅಂದರೆ ಆ ಹಲ್ಲು ಅವರದಾಯಿತು. ಅಲ್ಲಿಯವರೆಗೆ ಅದು ನಿಮ್ಮ ಸಮಸ್ಯೆ, ಅವರು ಕೇವಲ ಕೇಳುವವರು.

ಕ್ಯಾಮೆರಾದ ನಿಜವಾದ ಬಲ "ಈಗ ಏನೂ ಮಾಡುವುದು ಬೇಡ" ಅನ್ನುವಾಗ ಇದೆ. ಎನಾಮಲ್ ಮೇಲೆ ಬಿಳಿ ಚುಕ್ಕೆ ಮೂಡಿರುತ್ತದೆ, ಮೇಲ್ಪದರ ಇನ್ನೂ ಒಡೆದಿರುವುದಿಲ್ಲ. ಅಂಥ ಹುಳುಕನ್ನು ಫ್ಲೋರೈಡ್, ಸರಿಯಾದ ಬ್ರಶಿಂಗ್, ಸಿಹಿ ತಿನ್ನುವ ಸಲ ಕಡಿಮೆ ಮಾಡುವುದು, ಇಷ್ಟರಿಂದಲೇ ತಡೆಯಬಹುದು, ಎಷ್ಟೋ ಸಲ ಅದು ಹಿಂದಕ್ಕೂ ಹೋಗುತ್ತದೆ. "ಇದನ್ನು ಇವತ್ತು ಕೊರೆಯುವುದಿಲ್ಲ, ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ, ಆರು ತಿಂಗಳ ಮೇಲೆ ಪಕ್ಕಪಕ್ಕ ಇಟ್ಟು ಇಬ್ಬರೂ ನೋಡೋಣ" ಅಂತ ಹೇಳಿ ನೋಡಿ. ಬೇಡದ ಕೆಲಸವನ್ನು ಬೇಡ ಅಂದ ಡಾಕ್ಟರ್ ಮುಂದೆ ಒಂದು ದಿನ ಬೇಕು ಅಂದಾಗ ಜನ ಎರಡನೇ ಮಾತಾಡುವುದಿಲ್ಲ. ಫೋಟೊ ಇಲ್ಲದೆ ಇದನ್ನು ಮಾಡುವುದು ಕಷ್ಟ, ಯಾಕಂದರೆ ಆರು ತಿಂಗಳ ಹಿಂದೆ ಆ ಚುಕ್ಕೆ ಎಷ್ಟಿತ್ತು ಅಂತ ಯಾರಿಗೆ ನೆನಪಿರುತ್ತದೆ? ಪ್ರತಿ ಸಲ ಒಂದೇ ಕೋನದಲ್ಲಿ, ಹಲ್ಲು ಒರೆಸಿ, ಒಂದೇ ಬೆಳಕಿನಲ್ಲಿ ತೆಗೆಯಿರಿ. ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ.

ಕ್ಯಾಮೆರಾಗೆ ಹಲ್ಲು ಹಲ್ಲಿನ ನಡುವೆ ಕಾಣುವುದಿಲ್ಲ. ಅಲ್ಲಿಗೆ ಎಕ್ಸ್‌ರೇನೇ ಬೇಕು. 1896ರಲ್ಲಿ ಜರ್ಮನಿಯ ಒಟ್ಟೊ ವಾಲ್ಖೋಫ್ ಮೊದಲ ಸಲ ಹಲ್ಲಿನ ಎಕ್ಸ್‌ರೇ ತೆಗೆದಾಗ 25 ನಿಮಿಷ ಕಿರಣಕ್ಕೆ ಬಾಯಿ ಒಡ್ಡಿಕೊಂಡಿರಬೇಕಾಯಿತು. ಈಗ ಅದು ಸೆಕೆಂಡಿನ ಒಂದು ಚೂರು. 1987ರಲ್ಲಿ ಫ್ರಾನ್ಸಿಸ್ ಮುಯೆನ್ ಅವರ ಆರ್‌ವಿಜಿ, ಅಂದರೆ ಹಲ್ಲಿನ ಡಿಜಿಟಲ್ ಎಕ್ಸ್‌ರೇ, ಬಂದ ಮೇಲೆ ಇನ್ನೊಂದು ಬದಲಾವಣೆ ಆಯಿತು. ಫಿಲ್ಮ್ ತೊಳೆಯುವ ಕೆಲಸ ಇಲ್ಲ, ಪೇಷಂಟ್ ಕುರ್ಚಿಯಲ್ಲಿ ಇರುವಾಗಲೇ ಚಿತ್ರ ಕಣ್ಣ ಮುಂದೆ. ಆದರೂ ಎಷ್ಟೋ ಕಡೆ ಡಾಕ್ಟರ್ ಒಬ್ಬರೇ ಅದನ್ನು ನೋಡುತ್ತಾರೆ! ಸ್ಕ್ರೀನನ್ನು ಅವರ ಕಡೆ ತಿರುಗಿಸಿ. ಬೆಳ್ಳಗಿರುವುದು ಗಟ್ಟಿ ಭಾಗ, ಒಳಗಿನ ಈ ಕಪ್ಪು ದಾರಿ ನರ, ಇಲ್ಲಿ ಬೆಳ್ಳಗಿರಬೇಕಾದ ಕಡೆ ಕಪ್ಪು ನೆರಳು ಇದೆ, ಅದು ನರದಿಂದ ಇಷ್ಟು ದೂರ ಇದೆ, ಇಷ್ಟು ಹೇಳಲು ಒಂದು ನಿಮಿಷ ಸಾಕು.

ಕಿರಣದ ಭಯ ಕೇಳುವವರಿಗೆ ಲೆಕ್ಕ ಕೊಡಿ. ಒಂದು ಸಣ್ಣ ಡಿಜಿಟಲ್ ಎಕ್ಸ್‌ರೇಗೆ ಸುಮಾರು 5 ಮೈಕ್ರೊಸೀವರ್ಟ್ (ಇದು ಕಿರಣದ ಅಳತೆ, ಸಾವಿರ ಮೈಕ್ರೊ ಸೇರಿದರೆ ಒಂದು ಮಿಲಿಸೀವರ್ಟ್), ಎಷ್ಟೋ ಸಲ ಇನ್ನೂ ಕಡಿಮೆ. ಮಣ್ಣು, ಗಾಳಿ, ಆಕಾಶದಿಂದ ನಮ್ಮೆಲ್ಲರಿಗೆ ತಾನಾಗೇ ತಗಲುವ ಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅಂದರೆ ದಿನಕ್ಕೆ 6 ಮೈಕ್ರೊಸೀವರ್ಟ್‌ಗಿಂತ ಸ್ವಲ್ಪ ಜಾಸ್ತಿ. ದವಡೆಯ ಮೂರು ಆಯಾಮದ ಸ್ಕ್ಯಾನ್ ಆದ ಸಿಬಿಸಿಟಿಗೆ ಮಾತ್ರ ಈ ಮಾತು ಹೇಳಬೇಡಿ, ಅದರ ಪ್ರಮಾಣ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಯಾಕೆ ಬೇಕು ಅಂತ ಹೇಳಲು ನಿಮ್ಮ ಹತ್ತಿರ ಕಾರಣ ಇದ್ದರೆ ಮಾತ್ರ ತೆಗೆಯಿರಿ.

ನೀಲಿಕೊಡೆ:

ನಾನು ಡಾಕ್ಟರ್ ಅಲ್ಲ. ಹಲ್ಲಿನ ಆಸ್ಪತ್ರೆ ಅಂದರೆ ಹಿಂದಿನ ರಾತ್ರಿ ನಿದ್ದೆ ಬಾರದ ಜನರಲ್ಲಿ ಒಬ್ಬಳು. ನೀವು ಪೇಷಂಟ್‌ಗಳನ್ನು ಕೇಳಿದ್ದು ಬಹಳ ಸಂತೋಷ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಜಾಸ್ತಿ ನೆರವಾಗಿದ್ದು ಯಾವ ಯಂತ್ರವೂ ಅಲ್ಲ, ಫೋನಿಗೆ ಬಂದ ಐದು ಪ್ರಶ್ನೆಗಳು. ನಾಳೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗಬೇಕು ಅಂದರೆ ಹೇಗನಿಸುತ್ತದೆ, ಹೊರಗೆ ಕಾಯುತ್ತಾ ಕೂತಾಗ, ಹಲ್ಲು ಕೊರೆಯುವಾಗ, ಹಲ್ಲು ಕ್ಲೀನ್ ಮಾಡುವಾಗ, ಒಸಡಿಗೆ ಇಂಜೆಕ್ಷನ್ ಕೊಡುವಾಗ ಹೇಗನಿಸುತ್ತದೆ ಅಂತ. ಒಂದೊಂದಕ್ಕೂ ಒಂದರಿಂದ ಐದು ಅಂಕ. ಇದಕ್ಕೆ ಎಂಡಿಎಎಸ್ ಅಂತ ಹೆಸರಿದೆ, 1995ರಿಂದ ಬಳಕೆಯಲ್ಲಿದೆ, ಒಟ್ಟು 25ರಲ್ಲಿ 19 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತುಂಬಾ ಭಯ ಇರುವವರು ಅಂತ ಲೆಕ್ಕ ಅಂತ ಆಮೇಲೆ ತಿಳಿದುಕೊಂಡೆ. ಎದುರಿಗೆ ಕೂತು "ನನಗೆ ಭಯ" ಅನ್ನಲು ನಾಚಿಕೆ ಆಗುತ್ತದೆ, ಅದರಲ್ಲೂ ದೊಡ್ಡವರಾದ ಮೇಲೆ. ಮನೆಯಲ್ಲಿ ಒಬ್ಬಳೇ ಕೂತು ಫೋನಿನಲ್ಲಿ ಒತ್ತುವುದಕ್ಕೆ ಆ ನಾಚಿಕೆ ಇರಲಿಲ್ಲ.

ಆದರೆ ಒಳಗೆ ಹೋದಾಗ ಡಾಕ್ಟರ್ ಮೊದಲು ಆಡಿದ ಮಾತು ಮುಖ್ಯವಾಯಿತು. "ಇಂಜೆಕ್ಷನ್‌ಗೆ ಐದಕ್ಕೆ ಐದು ಹಾಕಿದ್ದೀರಿ, ಅದರ ಬಗ್ಗೆ ಮೊದಲು ಮಾತಾಡೋಣವಾ?" ಅಂದರು. ಅವರು ಓದಿದ್ದರು! ಮೊದಲು ಒಸಡಿಗೆ ಮರಗಟ್ಟುವ ಜೆಲ್ ಹಚ್ಚುತ್ತೇನೆ, ನಿಧಾನವಾಗಿ ಕೊಡುತ್ತೇನೆ, ಎಡಗೈ ಎತ್ತಿದರೆ ತಕ್ಷಣ ನಿಲ್ಲಿಸುತ್ತೇನೆ ಅಂದರು. ನಾನು ಸುಮ್ನೆ ಪರೀಕ್ಷೆ ಮಾಡಲು ಒಂದು ಸಲ ಕೈ ಎತ್ತಿದೆ. ನಿಲ್ಲಿಸಿದರು. ಅಷ್ಟೇ ಬೇಕಾಗಿತ್ತು ನನಗೆ. ಇದೇ ಪ್ರಶ್ನೆ ಕಳಿಸಿ ಯಾರೂ ಓದದೆ ಬಿಟ್ಟರೆ, ದಯವಿಟ್ಟು ಕಳಿಸಲೇಬೇಡಿ. ಮನಸ್ಸು ಬಿಚ್ಚಿ ಬರೆದದ್ದನ್ನು ಯಾರೂ ನೋಡಲಿಲ್ಲ ಅಂತ ಗೊತ್ತಾದರೆ ಮೊದಲಿಗಿಂತ ಜಾಸ್ತಿ ದೂರ ಆಗುತ್ತೇವೆ.

ಸ್ಕ್ಯಾನರ್ ಬಗ್ಗೆಯೂ ಹೇಳುತ್ತೇನೆ. ಅಳತೆ ತೆಗೆಯಲು ಬಾಯಿ ತುಂಬ ಆ ಮೆತ್ತನೆ ಹಿಟ್ಟಿನಂಥದ್ದನ್ನು ಇಟ್ಟು "ಗಟ್ಟಿಯಾಗುವವರೆಗೆ ಅಲುಗಾಡಬೇಡಿ" ಅಂದಾಗ ಗಂಟಲಿಗೆ ತಾಗಿ ವಾಕರಿಕೆ ಬರುತ್ತದಲ್ಲ, ಅದು ನನ್ನಂಥವರಿಗೆ ನರಕ. ಮಧ್ಯದಲ್ಲಿ ತೆಗೆಯಲು ಬರುವುದಿಲ್ಲ, ತೆಗೆದರೆ ಮತ್ತೆ ಮೊದಲಿಂದ. ಸ್ಕ್ಯಾನರ್‌ನಲ್ಲಿ ಸಾಕು ಅನಿಸಿದಾಗ ನಿಲ್ಲಿಸಿ, ಉಗುಳು ನುಂಗಿ, ಮತ್ತೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಜೊತೆಗೆ ನನ್ನ ಹಲ್ಲುಸಾಲು ಸ್ಕ್ರೀನ್ ಮೇಲೆ ಒಂದೊಂದಾಗಿ ಮೂಡುವುದನ್ನು ನೋಡುತ್ತಾ ಭಯ ಮರೆತೇ ಹೋಯಿತು.

ಎರಡು ವಿನಂತಿ ಇವೆ. ತೋರಿಸುವ ಮೊದಲು "ನೋಡುತ್ತೀರಾ?" ಅಂತ ಕೇಳಿ. ಕೆಲವರಿಗೆ ನೋಡಿದರೆ ಧೈರ್ಯ ಬರುತ್ತದೆ, ಕೆಲವರಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಇನ್ನೊಂದು, ನನ್ನ ಕಡೆ ಬೆನ್ನು ಹಾಕಿ ಕಂಪ್ಯೂಟರ್ ಕುಟ್ಟುತ್ತಾ "ಬೇರೆ ಏನಾದರೂ ತೊಂದರೆ ಇದೆಯಾ?" ಅಂತ ಕೇಳಬೇಡಿ. ಇದ್ದರೂ ಇಲ್ಲ ಅನ್ನುತ್ತೇವೆ.

ಎರಡುಕುರ್ಚಿ:

ಮೇಡಂ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಐದು ಪ್ರಶ್ನೆಯ ವಿಷಯ ನಾನು ಓದಿದ್ದೆ, ಆದರೆ ಕಾಗದದ ಮೇಲೆ ಕ್ಲಿನಿಕ್‌ನಲ್ಲಿ ತುಂಬಿಸುವುದು ಅಂತಲೇ ಯೋಚಿಸಿದ್ದೆ. ಮನೆಯಲ್ಲಿ ತುಂಬುವುದರಿಂದ ಇಷ್ಟು ವ್ಯತ್ಯಾಸ ಆಗುತ್ತದೆ ಅಂತ ಹೊಳೆದಿರಲಿಲ್ಲ.

ಹಳೇಕೈ ಸರ್, ನೀವು ಹೇಳಿದ್ದೆಲ್ಲ ಸರಿ, ಆದರೆ ಸಮಯ? ಹೊರಗೆ ಜನ ಕಾಯುತ್ತಿರುತ್ತಾರೆ. ಒಬ್ಬೊಬ್ಬರಿಗೂ ಫೋಟೊ, ಎಕ್ಸ್‌ರೇ, ವಿವರಣೆ ಅಂತ ಕೂತರೆ ದಿನ ಸಾಲುವುದಿಲ್ಲ. ಮತ್ತೆ ಎಐ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಎಕ್ಸ್‌ರೇ ಮೇಲೆ ಬಣ್ಣದ ಗುರುತು ಹಾಕಿ ತೋರಿಸಿದರೆ ಪೇಷಂಟ್ ಬೇಗ ನಂಬುತ್ತಾರೆ ಅಂತ ಮಾರುವವರು ಹೇಳುತ್ತಿದ್ದಾರೆ.

ಹಳೇಕೈ:

ಸಮಯ ನಿಮ್ಮ ಹತ್ತಿರ ಈಗಾಗಲೇ ಇದೆ. ಇಂಜೆಕ್ಷನ್ ಕೊಟ್ಟ ಮೇಲೆ ಮರಗಟ್ಟಲು ಕೆಲವು ನಿಮಿಷ ಹಿಡಿಯುತ್ತದೆ, ಕೆಳದವಡೆಯ ನರಕ್ಕೇ ಕೊಡುವ ಬ್ಲಾಕ್ ಇಂಜೆಕ್ಷನ್ ಆದರೆ ಇನ್ನೂ ಜಾಸ್ತಿ. ಆಗ ಪಕ್ಕದ ಕುರ್ಚಿಗೆ ಹೋಗಿಬಿಡುತ್ತೀರಿ, ಅಲ್ವಾ? ಹೋಗಬೇಡಿ. ಕುರ್ಚಿ ನೇರ ಮಾಡಿ, ಮಾಸ್ಕ್ ಕೆಳಗಿಳಿಸಿ, ಅವರ ಕಣ್ಣಿನ ಎತ್ತರಕ್ಕೆ ಕೂತು ಇವತ್ತು ಏನು ಮಾಡುತ್ತೀರಿ ಅಂತ ಚಿತ್ರ ತೋರಿಸಿ ಹೇಳಿ. ಆದರೆ ಚಿಕಿತ್ಸೆ ಮಾಡಿಸಬೇಕಾ ಬೇಡವಾ ಅನ್ನುವ ಮಾತು ಇಂಜೆಕ್ಷನ್‌ಗಿಂತ ಮೊದಲೇ ಮುಗಿದಿರಬೇಕು. ಬಾಯಿ ಮರಗಟ್ಟಿದವರ ಹತ್ತಿರ ಒಪ್ಪಿಗೆ ಕೇಳುವುದು ಸರಿಯಲ್ಲ.

ಎಐ ಬಗ್ಗೆ. ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ, ದಣಿದ ಕಣ್ಣು ತಪ್ಪಿಸಿದ್ದನ್ನು ಅದು ಹಿಡಿಯುತ್ತದೆ. ಆದರೆ ಹಲ್ಲುಗಳು ಒಂದರ ಮೇಲೊಂದು ಬಿದ್ದಂತೆ ಎಕ್ಸ್‌ರೇ ಬಂದಿದ್ದರೆ ಆ ನೆರಳನ್ನು ಹುಳುಕು ಅಂದುಬಿಡಬಹುದು. ಹಲ್ಲಿನ ಕುತ್ತಿಗೆ ಹತ್ತಿರ ಸಹಜವಾಗಿ ಕಪ್ಪು ಪಟ್ಟಿ ಕಾಣುತ್ತದೆ, ಅದನ್ನು ಬರ್ನ್‌ಔಟ್ ಅಂತ ನಾವು ಕಾಲೇಜಿನಲ್ಲೇ ಓದಿದ್ದೇವೆ, ಅಲ್ಲೂ ಗುರುತು ಬೀಳಬಹುದು. ಇನ್ನೊಂದು ಕಡೆ, ಖನಿಜ ಸುಮಾರು 30ರಿಂದ 40 ಶೇಕಡಾ ಕರಗುವವರೆಗೆ ಎಕ್ಸ್‌ರೇಯಲ್ಲೇ ಹುಳುಕು ಸರಿಯಾಗಿ ಕಾಣುವುದಿಲ್ಲ. ಚಿತ್ರದಲ್ಲಿ ಇಲ್ಲದ್ದನ್ನು ಸಾಫ್ಟ್‌ವೇರ್ ಎಲ್ಲಿಂದ ತರುತ್ತದೆ?

ಮೊದಲು ನೀವೇ ನೋಡಿ ತೀರ್ಮಾನ ಮಾಡಿ. ಆಮೇಲೆ ಗುರುತು ಹಾಕಿಸಿ. ಪೇಷಂಟ್‌ಗೆ ಹೇಳುವಾಗ "ಇಲ್ಲಿ ಸಾಫ್ಟ್‌ವೇರ್ ಗುರುತು ಹಾಕಿದೆ, ನಾನೂ ನೋಡಿದೆ, ಇದು ಸರಿ. ಆ ಇನ್ನೊಂದನ್ನು ನಾನು ಒಪ್ಪುವುದಿಲ್ಲ, ಕಾರಣ ಇದು" ಅಂತ ಹೇಳಿ. "ಕಂಪ್ಯೂಟರೇ ಹೇಳುತ್ತಿದೆ ನೋಡಿ" ಅಂತ ಯಾವತ್ತೂ ಅನ್ನಬೇಡಿ. ಅವರು ಬಂದಿರುವುದು ನಿಮ್ಮ ಮಾತು ಕೇಳಲು, ಆ ಮಾತಿನ ಹೊಣೆ ನಿಮ್ಮದೇ ಆಗಿರಬೇಕು.

ಒಸಡಿನ ಚಾರ್ಟ್ ಮರೆತಿದ್ದೆ. ಅದನ್ನು ಯಾರೂ ಪೇಷಂಟ್‌ಗೆ ತೋರಿಸುವುದಿಲ್ಲ, ನನ್ನ ಪ್ರಕಾರ ತೋರಿಸಲೇಬೇಕಾದದ್ದು ಅದು. ಒಸಡು ಹಲ್ಲಿನ ಸುತ್ತ ಎಷ್ಟು ಆಳ ಬಿಟ್ಟಿದೆ ಅಂತ ಅಳೆಯುತ್ತೇವಲ್ಲ, 1ರಿಂದ 3 ಮಿಲಿಮೀಟರ್ ಇದ್ದರೆ ಚೆನ್ನಾಗಿದೆ, 4 ಆದಾಗ ಗಮನ ಕೊಡಬೇಕು. ಅಂಕಿಗಳನ್ನು ಜೋರಾಗಿ ಹೇಳಿ, ಅಸಿಸ್ಟೆಂಟ್ ಬರೆದುಕೊಳ್ಳಲಿ, ಅರ್ಥ ಏನು ಅಂತ ಪೇಷಂಟ್‌ಗೆ ಮೊದಲೇ ತಿಳಿಸಿ. ರಕ್ತ ಬಂದ ಜಾಗಗಳಿಗೆ ಕೆಂಪು ಗುರುತು ಹಾಕಿ ಹಿಂದಿನ ಸಲದ ಚಾರ್ಟ್ ಪಕ್ಕದಲ್ಲಿ ಇಡಿ. ಕೆಂಪು ಕಡಿಮೆ ಆಗಿದ್ದರೆ ಅದು ಅವರು ಮನೆಯಲ್ಲಿ ದಿನಾ ಮಾಡಿದ ಕೆಲಸದ ಫಲ. ಆ ಖುಷಿಗೆ ಜನ ಮತ್ತೆ ಬರುತ್ತಾರೆ, ನಾನು ನೋಡಿದ್ದೇನೆ.

ತಂತಿಕೆಲಸ:

ನಾನು ಹಲ್ಲಿಗೆ ತಂತಿ ಹಾಕುವ ಡಾಕ್ಟರ್. ಸ್ಕ್ಯಾನರ್ ಬಗ್ಗೆ ಒಳ್ಳೆಯ ಮಾತು ಬಂದಿದೆ, ಅದು ನಿಜವೂ ಹೌದು, ಆದರೆ ಒಂದು ಎಚ್ಚರಿಕೆ ಹೇಳಬೇಕು.

ಸ್ಕ್ಯಾನ್ ಆದ ಕೂಡಲೇ ಸಾಫ್ಟ್‌ವೇರ್ "ಮುಗಿದ ಮೇಲೆ ನಿಮ್ಮ ಹಲ್ಲು ಹೀಗಿರುತ್ತದೆ" ಅಂತ ಚಂದದ ಚಿತ್ರ ತೋರಿಸುತ್ತದೆ. ಪೇಷಂಟ್ ಅದನ್ನು ಮಾತು ಕೊಟ್ಟ ಹಾಗೆ ತಿಳಿದುಕೊಳ್ಳುತ್ತಾರೆ. ಆದರೆ ಕಂಪ್ಯೂಟರ್‌ನಲ್ಲಿ ಹಲ್ಲು ಹೇಳಿದಂತೆ ಸರಿಯುತ್ತದೆ, ಬಾಯಿಯಲ್ಲಿ ಮೂಳೆ, ಒಸಡು, ಬೇರು, ಪೇಷಂಟ್ ಅಲೈನರ್ (ಹಲ್ಲು ಸರಿಸಲು ಹಾಕಿ ತೆಗೆಯುವ ಪಾರದರ್ಶಕ ಅಚ್ಚು) ಎಷ್ಟು ಹೊತ್ತು ಹಾಕಿಕೊಂಡರು ಅನ್ನುವುದು ಎಲ್ಲ ಸೇರುತ್ತದೆ. ಹಾಗಾಗಿ ಆ ಚಿತ್ರ ತೋರಿಸುವ ದಿನವೇ ಯಾವ ಹಲ್ಲು ಮೊಂಡು ಹಿಡಿಯಬಹುದು, ಎಲ್ಲಿ ಯೋಜನೆ ಬದಲಾಗಬಹುದು ಅಂತ ಹೇಳಿಬಿಡಬೇಕು. ಮೊದಲೇ ಹೇಳಿದರೆ ಅದು ವಿವರಣೆ, ಆಮೇಲೆ ಹೇಳಿದರೆ ನೆಪ.

ಇನ್ನು ದೂರದಿಂದಲೇ ಎಲ್ಲ ಮುಗಿಸಬಹುದು ಅನ್ನುವ ಆಸೆ. ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಅನ್ನುವ ಕಂಪನಿ 2014ರಲ್ಲಿ ಶುರುವಾಗಿ, ಮನೆಯಲ್ಲೇ ಅಳತೆ ತೆಗೆದುಕೊಳ್ಳಿ, ಅಲೈನರ್ ಅಂಚೆಯಲ್ಲಿ ಬರುತ್ತದೆ ಅಂತ ಬಹಳ ಜನರನ್ನು ಸೆಳೆಯಿತು. 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆ ಅರ್ಧದಲ್ಲಿದ್ದವರಿಗೆ ಮುಂದೆ ಯಾರನ್ನು ಕೇಳಬೇಕು ಅಂತಲೇ ತಿಳಿಯಲಿಲ್ಲ. ಅಲ್ಲಿ ತಂತ್ರಜ್ಞಾನಕ್ಕೆ ಕೊರತೆ ಇರಲಿಲ್ಲ. ಕೈಯಿಟ್ಟು ಬಾಯಿ ನೋಡಿದ, ಮತ್ತೆ ಹೋಗಿ ಕೇಳಬಹುದಾದ ಒಬ್ಬ ಡಾಕ್ಟರ್ ಎಷ್ಟೋ ಜನರಿಗೆ ಇರಲಿಲ್ಲ.

ನಾನೂ ಪೇಷಂಟ್‌ಗಳಿಂದ ಫೋಟೊ ತರಿಸಿಕೊಳ್ಳುತ್ತೇನೆ. ತಂತಿ ಚುಚ್ಚುತ್ತಿದೆ, ಬ್ರಾಕೆಟ್ ಬಿಟ್ಟಿದೆ ಅಂದರೆ ಫೋಟೊ ನೋಡಿ "ಮೇಣ ಹಚ್ಚಿಕೊಳ್ಳಿ, ನಾಳೆ ಬನ್ನಿ" ಅನ್ನುವುದರಿಂದ ಅವರ ರಾತ್ರಿ ನೆಮ್ಮದಿಯಾಗಿ ಕಳೆಯುತ್ತದೆ. ಒಂದು ಸಲ ಬಾಯಿ ಪೂರ್ತಿ ನೋಡಿ, ಎಕ್ಸ್‌ರೇ ತೆಗೆದು, ಪರಿಚಯ ಆದ ಮೇಲೆ ಮಾತ್ರ ಇದು ನಡೆಯುತ್ತದೆ.

ಫ್ರಂಟ್‌ಡೆಸ್ಕ್:

ನಾನು ಕ್ಲಿನಿಕ್ ಒಂದರ ರಿಸೆಪ್ಶನ್‌ನಲ್ಲಿ ಕೂರುವವಳು. ಡಾಕ್ಟರ್‌ಗಳು ಒಳಗಿನ ಯಂತ್ರಗಳ ಬಗ್ಗೆ ಮಾತಾಡುತ್ತಿದ್ದೀರಿ. ಪೇಷಂಟ್ ಬಂದು ಹೋಗುವ ನಡುವಿನ ದಿನಗಳಲ್ಲಿ ಏನಾಗುತ್ತದೆ ಅನ್ನುವುದು ನಮಗೆ ಗೊತ್ತು.

ನೆನಪಿಸುವ ಮೆಸೇಜು ಕಳಿಸಿದರೆ ತಪ್ಪಿಸಿಕೊಳ್ಳುವವರು ಕಡಿಮೆ ಆಗುತ್ತಾರೆ, ಇದು ಬೇಕಾದಷ್ಟು ಕಡೆ ಸಾಬೀತಾಗಿದೆ. ಆದರೆ ಎರಡುಕುರ್ಚಿ ಸರ್, ನಿಮ್ಮ ರೂಟ್ ಕೆನಾಲ್ ಪೇಷಂಟ್‌ಗಳಿಗೆ "ನಾಳೆ ಅಪಾಯಿಂಟ್‌ಮೆಂಟ್ ಇದೆ" ಅಂತ ಮಾತ್ರ ಕಳಿಸಿದರೆ ಸಾಲದು. ನೋವಿಲ್ಲದವರು ಯಾಕೆ ಬರಬೇಕು ಅಂತ ಅದರಲ್ಲಿ ಇಲ್ಲವಲ್ಲ. ನಾವು ಅವರದೇ ಎಕ್ಸ್‌ರೇ ಜೊತೆ ಹೀಗೆ ಬರೆಯುತ್ತೇವೆ: "ನರ ತೆಗೆದಿರುವುದರಿಂದ ಈಗ ನೋವಿಲ್ಲ. ಆದರೆ ಹಲ್ಲಿನ ಒಳಗೆ ಇನ್ನೂ ಖಾಲಿ ಇದೆ, ಮೇಲಿರುವುದು ತಾತ್ಕಾಲಿಕ ಫಿಲ್ಲಿಂಗ್. ಅದು ಸವೆದರೆ ಸೋಂಕು ಮತ್ತೆ ಒಳಗೆ ಹೋಗುತ್ತದೆ, ಹಲ್ಲು ಸೀಳಲೂಬಹುದು." ಕೆಳಗೆ ಡಾಕ್ಟರ್ ಹೆಸರು ಇರುತ್ತದೆ. ಉತ್ತರ ಬರೆದರೆ ಒಬ್ಬ ಮನುಷ್ಯರು ಓದುತ್ತಾರೆ. ಉತ್ತರಿಸಲು ಬಾರದ ನಂಬರಿನಿಂದ ಮೆಸೇಜು ಕಳಿಸುವುದು ನನಗೆ ಇಷ್ಟವಿಲ್ಲ, ಜನ ಬರೆದು ಕಾಯುತ್ತಾ ಕೂರುತ್ತಾರೆ.

ಬರಲಾಗದಿದ್ದರೆ ದಿನ ಬದಲಾಯಿಸಲು ಅಲ್ಲೇ ಒಂದು ಲಿಂಕ್ ಇರಲಿ. ಎಷ್ಟೋ ಜನ ಒಂದು ಸಲ ತಪ್ಪಿಸಿಕೊಂಡರೆ ಬೈಸಿಕೊಳ್ಳಬೇಕಾಗುತ್ತದೆ ಅಂತ ಮತ್ತೆ ಬರುವುದೇ ಇಲ್ಲ. ಹಾಗಾಗಿ ತಪ್ಪಿಸಿಕೊಂಡವರಿಗೆ ಕಳಿಸುವ ಮೆಸೇಜಿನಲ್ಲಿ ದೂರುವ ದನಿ ಬೇಡ. "ನಿನ್ನೆ ಬರಲಾಗಲಿಲ್ಲ ಅನಿಸುತ್ತದೆ, ಬೇರೆ ದಿನ ನೋಡೋಣವಾ?" ಅಷ್ಟು ಸಾಕು.

ಫೋಟೊ ಕಳಿಸಿ ಅಂತ ಹೇಳಿದರೆ ಹೇಗೆ ತೆಗೆಯಬೇಕು ಅಂತಲೂ ಹೇಳಬೇಕು. ಸೆಲ್ಫಿ ಕ್ಯಾಮೆರಾ ಬೇಡ, ಹಿಂದಿನ ಕ್ಯಾಮೆರಾ, ಫ್ಲಾಶ್ ಹಾಕಿ, ಮನೆಯವರು ಯಾರಾದರೂ ತೆಗೆಯಲಿ, ಕೆನ್ನೆಯನ್ನು ತೊಳೆದ ಚಮಚದ ಹಿಡಿಯಿಂದ ಪಕ್ಕಕ್ಕೆ ಸರಿಸಿಕೊಳ್ಳಿ. ಆದರೆ ಮುಖ ಅಥವಾ ಕುತ್ತಿಗೆ ಊದಿಕೊಳ್ಳುತ್ತಿದ್ದರೆ, ನುಂಗಲು ಉಸಿರಾಡಲು ಕಷ್ಟ ಆದರೆ, ಜ್ವರದ ಜೊತೆ ಬಾಯಿ ತೆರೆಯಲು ಆಗದಿದ್ದರೆ ಫೋಟೊ ತೆಗೆಯುತ್ತಾ ಕೂರಬಾರದು, ನೇರ ಆಸ್ಪತ್ರೆಗೆ. ಇದನ್ನು ನಮ್ಮ ಮೆಸೇಜಿನಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದ್ದೇವೆ.

ವಿಡಿಯೊ ಕರೆ ನಿಜವಾಗಿ ಬೆಲೆ ಬಾಳುವುದು ಮಗು ಬಿದ್ದು ಹಲ್ಲು ಪೂರ್ತಿ ಕಿತ್ತು ಬಂದಾಗ. ಅದು ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು. ಶಾಶ್ವತ ಹಲ್ಲಾದರೆ ಬೇರು ಮುಟ್ಟದೆ, ಉಜ್ಜದೆ, ಬಿಳಿ ಭಾಗ ಹಿಡಿದು, ಕೊಳೆ ಇದ್ದರೆ ಹಗುರಕ್ಕೆ ತೊಳೆದು ಅದೇ ಜಾಗದಲ್ಲಿ ಕೂರಿಸಬೇಕು, ಆಗದಿದ್ದರೆ ಹಾಲಿನಲ್ಲಿ ಹಾಕಿ ಓಡಿ ಬರಬೇಕು. ಅರ್ಧ ಗಂಟೆ ಒಂದು ಗಂಟೆಯಲ್ಲೇ ಆ ಹಲ್ಲಿನ ಹಣೆಬರಹ ತೀರ್ಮಾನ ಆಗುತ್ತದೆ. ಗಾಬರಿಯಲ್ಲಿರುವ ತಾಯಿಗೆ ಪರಿಚಯದ ಡಾಕ್ಟರ್ ಮುಖ ಫೋನಿನಲ್ಲಿ ಕಂಡು, ಹೀಗೆ ಹಿಡಿಯಿರಿ ಅಂತ ಹೇಳಿಕೊಟ್ಟರೆ ಆ ಕುಟುಂಬ ಮುಂದೆ ಬೇರೆ ಡಾಕ್ಟರ್ ಹೆಸರು ಎತ್ತುವುದಿಲ್ಲ. ಹಲ್ಲಿನ ಪೆಟ್ಟಿನ ಬಗ್ಗೆಯೇ ಕೆಲಸ ಮಾಡುವ ಐಎಡಿಟಿ ಸಂಸ್ಥೆಯ ಟೂತ್‌ಎಸ್‌ಒಎಸ್ ಅಂತ ಉಚಿತ ಆ್ಯಪ್ ಇದೆ, ಮಕ್ಕಳಿರುವ ಮನೆಯವರಿಗೆ ಅದನ್ನೂ ಹೇಳಿ.

ಪೇಷಂಟ್ ಫೋಟೊಗಳು ಸ್ಟಾಫ್‌ನ ಸ್ವಂತ ಫೋನಿನಲ್ಲಿ ಉಳಿಯಬಾರದು, ಕೇಳದೆ ಜಾಹೀರಾತಿಗೆ ಹಾಕಬಾರದು. ಇದರ ಬಗ್ಗೆ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಮುಂಜಾವು:

ನನ್ನ ಅಮ್ಮನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಾರೆ. ಹಲ್ಲಿನ ಡಾಕ್ಟರ್ ಮಾಸ್ಕ್ ಹಾಕಿಕೊಂಡೇ ಮಾತಾಡುತ್ತಾರೆ, ಮೇಲೆ ಉಗುಳು ಎಳೆಯುವ ಸಕ್ಷನ್ ಸದ್ದು, ಮಲಗಿಸಿದ ಮೇಲೆ ಮುಖವೂ ಕಾಣುವುದಿಲ್ಲ. ಹಾಗಾಗಿ ಡಾಕ್ಟರ್ ಎಲ್ಲವನ್ನೂ ನನಗೇ ಹೇಳುತ್ತಿದ್ದರು, ಅಮ್ಮ ತಮ್ಮದೇ ಬಾಯಿಯ ವಿಷಯದಲ್ಲಿ ಹೊರಗಿನವರಾಗಿ ಕೂರುತ್ತಿದ್ದರು.

ಈಗ ಹೋಗುವ ಕಡೆ ಡಾಕ್ಟರ್ ಟ್ಯಾಬ್‌ನಲ್ಲಿ ಮಾತನ್ನು ಅಕ್ಷರ ಮಾಡುವ ಆ್ಯಪ್ ಹಾಕಿ ಅಮ್ಮನ ಮುಂದೆ ಇಡುತ್ತಾರೆ. ಅವರು ಮಾತಾಡಿದ್ದು ದೊಡ್ಡ ಅಕ್ಷರದಲ್ಲಿ ಬರುತ್ತದೆ. ಅಲ್ಲಲ್ಲಿ ತಪ್ಪು ಬೀಳುತ್ತದೆ, ಅದರಲ್ಲೂ ಔಷಧಿ ಹೆಸರುಗಳು, ಅದಕ್ಕೆ ಮಾತ್ರೆ ವಿವರ ಬೇರೆಯಾಗಿ ಬರೆದು ಕೊಡುತ್ತಾರೆ. ಅಮ್ಮ ಮೊದಲ ಸಲ ತಾವೇ ಪ್ರಶ್ನೆ ಕೇಳಿದರು. "ಈ ಹಲ್ಲು ಕೀಳದೆ ಬೇರೆ ದಾರಿ ಇಲ್ವಾ?" ಅಂತ. ಡಾಕ್ಟರ್ ನನ್ನ ಕಡೆ ನೋಡದೆ ಅಮ್ಮನಿಗೇ ಉತ್ತರ ಕೊಟ್ಟರು. ಆ ಆ್ಯಪ್ ಉಚಿತ, ಫೋನಿನಲ್ಲೂ ನಡೆಯುತ್ತದೆ. ಸರ್, ನೀವು ಮೊದಲು ಇದನ್ನು ತನ್ನಿ. ಕಿವಿ ಕೇಳಿಸದವರಿಗೆ ಮಾತ್ರ ಅಲ್ಲ, ನಿಮ್ಮ ಭಾಷೆ ಬಾರದವರಿಗೂ ಅನುವಾದದ ಆ್ಯಪ್ ಹೀಗೇ ಆಗುತ್ತದೆ.

ಇನ್ನೊಂದು ಮಾತು. ಎಕ್ಸ್‌ರೇ, ಸ್ಕ್ಯಾನ್‌ಗಳ ಪ್ರತಿ ಕೇಳಿದರೆ ಮುಖ ಸಿಂಡರಿಸದೆ ಕೊಡಿ. ಸ್ಕ್ರೀನಿನ ಫೋಟೊ ಹೊಡೆದು ಕಳಿಸಿದರೆ ಇನ್ನೊಬ್ಬ ಡಾಕ್ಟರ್‌ಗೆ ಅದು ಉಪಯೋಗಕ್ಕೆ ಬರುವುದಿಲ್ಲ, ಯಂತ್ರದಿಂದ ಬಂದ ಮೂಲ ಡೈಕಾಮ್ ಫೈಲ್ (ಆಸ್ಪತ್ರೆಗಳ ಚಿತ್ರಗಳಿಗೆ ಬಳಸುವ ನಮೂನೆ) ಬೇಕು. ಕೊಟ್ಟರೆ ಪೇಷಂಟ್ ಓಡಿಹೋಗುತ್ತಾರೆ ಅಂತ ಕೆಲವರು ಹೆದರುತ್ತಾರೆ. ನಮ್ಮ ಡಾಕ್ಟರ್ ಕೇಳುವ ಮೊದಲೇ ಕೊಟ್ಟರು, ನಾವು ಅಲ್ಲೇ ಇದ್ದೇವೆ.

ಎರಡುಕುರ್ಚಿ:

ಎಲ್ಲರಿಗೂ ಮನಸಾರೆ ಧನ್ಯವಾದ. ಕ್ಯಾಮೆರಾ, ಕುರ್ಚಿ ಪಕ್ಕ ತಿರುಗಿಸಬಹುದಾದ ಸ್ಕ್ರೀನ್, ಫೋನಿಗೆ ಕಳಿಸುವ ಐದು ಪ್ರಶ್ನೆ, ಅಕ್ಷರದ ಆ್ಯಪ್, ಇಷ್ಟರಿಂದ ಶುರು ಮಾಡುತ್ತೇನೆ. ಸ್ಕ್ಯಾನರ್ ಆಮೇಲೆ ನೋಡೋಣ. ಎಐ ಸದ್ಯಕ್ಕೆ ಬೇಡ.

ಫ್ರಂಟ್‌ಡೆಸ್ಕ್ ಮೇಡಂ, ಹಲ್ಲು ಕಿತ್ತ ಮೇಲೆ ಏನು ಕಳಿಸುತ್ತೀರಿ ಅಂತ ಸ್ವಲ್ಪ ಹೇಳುತ್ತೀರಾ? ನಾನು ಬಾಯಲ್ಲಿ ಹೇಳಿ ಕಳಿಸುತ್ತೇನೆ, ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತಾರೆ.

ಫ್ರಂಟ್‌ಡೆಸ್ಕ್:

ಕಳಿಸುವುದು ಒಂದೇ ಸಲ ಅಲ್ಲ ಸರ್, ಮೂರು ಸಲ. ಅವರು ಬಾಗಿಲು ದಾಟುವಷ್ಟರಲ್ಲಿ ಮೊದಲನೆಯದು: ಹತ್ತಿ ಕಚ್ಚಿಕೊಂಡೇ ಇರಿ, ಇವತ್ತು ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾ ಬೇಡ, ಸಿಗರೇಟು ಬೇಡ, ಉಗುಳಿನಲ್ಲಿ ಸ್ವಲ್ಪ ಕೆಂಪು ಕಾಣುವುದು ಸಹಜ. ರಕ್ತ ನಿಲ್ಲದಿದ್ದರೆ ಹೊಸ ಹತ್ತಿ ಇಟ್ಟು ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿ, ಆಗಲೂ ನಿಲ್ಲದಿದ್ದರೆ ಫೋನ್ ಮಾಡಿ.

ಮರುದಿನ ಬೆಳಗ್ಗೆ ಎರಡನೆಯದು, ಡಾಕ್ಟರ್ ಹೆಸರಿನಲ್ಲಿ, "ರಾತ್ರಿ ಹೇಗಿತ್ತು? ಇವತ್ತಿನಿಂದ ಬೆಚ್ಚಗಿನ ಉಪ್ಪುನೀರಿನಲ್ಲಿ ಹಗುರವಾಗಿ ಮುಕ್ಕಳಿಸಬಹುದು." ಇದಕ್ಕೆ ಬರುವಷ್ಟು ಉತ್ತರ ಬೇರೆ ಯಾವುದಕ್ಕೂ ಬರುವುದಿಲ್ಲ. ಮೂರನೇ ದಿನ ಇನ್ನೊಂದು: "ಕಡಿಮೆ ಆಗಬೇಕಾದ ನೋವು ಜಾಸ್ತಿ ಆಗಿ ಕಿವಿಯ ಕಡೆ ಹರಡುತ್ತಿದ್ದರೆ ತಡೆದುಕೊಳ್ಳಬೇಡಿ, ಇವತ್ತೇ ಬನ್ನಿ." ಡ್ರೈ ಸಾಕೆಟ್ ಆದವರು, ಅಂದರೆ ಹಲ್ಲು ಕಿತ್ತ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಉಳಿಯದೆ ನೋವು ಶುರುವಾದವರು, ಡಾಕ್ಟರ್‌ಗೆ ತೊಂದರೆ ಕೊಟ್ಟಂತಾಗುತ್ತದೆ ಅಂತ ಸಂಕೋಚದಿಂದ ಮನೆಯಲ್ಲೇ ನರಳುತ್ತಾರೆ, ಅವರಿಗಾಗಿ ಅದು.

ಮೆಸೇಜಿನ ಕೊನೆಯಲ್ಲಿ ರಾತ್ರಿ ಹೊತ್ತಿನ ನಂಬರ್ ಇರಲಿ. ಆದರೆ ಅದನ್ನು ಹಾಕುವ ಮೊದಲು ರಾತ್ರಿ ಆ ಫೋನ್ ಎತ್ತುವವರು ಯಾರು ಅಂತ ನಿಮ್ಮಲ್ಲಿ ಗೊತ್ತು ಮಾಡಿಕೊಳ್ಳಿ ಸರ್.